ಬೆನ್ನು ನೆಟ್ಟಗಾಗುವವರೆಗೆ

ಅಜ್ಜಿ ಎಡ್ಲಾಳ ಗೆರೆ ನನ್ನ ಎದೆಮಟ್ಟಕ್ಕಿದೆ,
ಅಪ್ಪನದು ಸೊಂಟಕ್ಕಿಂತ ತುಸು ಕೆಳಗೆ,
ನನ್ನದು ಮೊಣಕಾಲ ಚಿಪ್ಪಿಗೆ.
ನಮ್ಮಲ್ಲಿ ಕೂಸು ಹುಟ್ಟಿದರೆ
ಗಾಳಿ ಬಿದ್ದ ಒಂದು ಮುಂಜಾನೆ ನೋಡಿ
ಉಳಿ ಸುತ್ತಿಗೆ ಹಿಡಿದು ಬಂಡೆಗೆ ಹೋಗುತ್ತಾರೆ.
ಕಡಲು ಅಂದು ಎಲ್ಲಿ ತಾಗಿತೋ ಅಲ್ಲೊಂದು ಗೀರು,
ಪಕ್ಕದಲ್ಲಿ ಹೆಸರಿನ ಮೊದಲಕ್ಷರ.

‘ನೀರು ಇಳೀತು’ ಅನ್ನುತ್ತಿದ್ದಳು ಎಡ್ಲಾ,
ಸಾಲ ತೀರಿಸದೆ ಊರು ಬಿಟ್ಟವನ ಸುದ್ದಿ ಹೇಳುವ ಹಾಗೆ.
ನೀರು ಎಲ್ಲಿಗೂ ಹೋಗಿರಲಿಲ್ಲ.
ಏಳುತ್ತಿದ್ದದ್ದು ನೆಲ.

ಈ ಕ್ವಾರ್ಕೆನ್ ದ್ವೀಪಗಳ ಮೇಲೆ
ಒಂದಾನೊಂದು ಕಾಲಕ್ಕೆ ಹಿಮ ಕೂತಿತ್ತು,
ಮೂರು ಕಿಲೋಮೀಟರು ದಪ್ಪದ ಹಿಮ.
ಮೂಟೆ ಹೊತ್ತ ಹಮಾಲಿಯಂತೆ ನೆಲ ಕುಗ್ಗಿತು.
ಮೂಟೆ ಇಳಿಸಿ ಹತ್ತು ಸಾವಿರ ವರ್ಷವಾಯಿತು,
ಬೆನ್ನು ಇನ್ನೂ ನೆಟ್ಟಗಾಗುತ್ತಲೇ ಇದೆ:
ವರ್ಷಕ್ಕೆ ಕಿರುಬೆರಳ ಉಗುರಿನ ಅಗಲ.

ಹಿಮಕ್ಕೂ ಹೋಗುವ ಮನಸ್ಸಿರಲಿಲ್ಲವೋ ಏನೋ.
ಹೊರಟ ನೆಂಟ ಹೊಸ್ತಿಲಲ್ಲಿ ನಿಂತು
ಮತ್ತೆ ಮತ್ತೆ ಹೊಸ ಮಾತು ತೆಗೆಯುವಂತೆ
ಹಿಂಜರಿದು, ನಿಂತು, ಹಿಂಜರಿದು,
ನಿಂತಲ್ಲೆಲ್ಲ ಒಂದು ಕಲ್ಲಿನ ದಿಬ್ಬ ಬಿಟ್ಟಿದೆ.
ಆ ದಿಬ್ಬಗಳ ನಡುವೆ ನಮ್ಮ ದೋಣಿಗಳು
ತಳ ಕೆರೆಸಿಕೊಳ್ಳುತ್ತ ತಿರುಗುತ್ತವೆ.

ದೋಣಿಮನೆ ಮೂರು ಸಲ ಕಡಲ ಬೆನ್ನು ಹತ್ತಿತು.
ಮುತ್ತಜ್ಜ ಕಟ್ಟಿದ ಜಾಗದಲ್ಲಿ ಈಗ ಬರ್ಚ್ ಮರಗಳು.
ದೋಣಿ ಬಿಗಿಯಲು ಅವನು ಬಂಡೆಗೆ ಬಡಿದ ಕಬ್ಬಿಣದ ಬಳೆಗೆ
ಸೇವೆರಿನ್ ತನ್ನ ಟಗರು ಕಟ್ಟುತ್ತಾನೆ.
ಜೊಂಡು ಬೆಳೆದ ಒಂದು ಚೂರು ಹೊಸ ನೆಲಕ್ಕಾಗಿ
ಅವನಪ್ಪ, ನನ್ನಪ್ಪ
ಹನ್ನೊಂದು ವರ್ಷ ಮಾತು ಬಿಟ್ಟಿದ್ದರು.
ಸರ್ವೆಯವರು ಬಂದು, ಕಾಫಿ ಕುಡಿದು, ಹೇಳಿದರು:
ನೀರು ಊರಿನದು, ಅದರೊಳಗಿಂದ ಎದ್ದದ್ದೂ ಊರಿನದು.
ಇಬ್ಬರಿಗೂ ಸಿಗಲಿಲ್ಲವೆಂದು ಇಬ್ಬರೂ ನಕ್ಕರು.

ಕಳೆದ ವಸಂತದಲ್ಲಿ ಮೈಲಿಸ್ ಎಂಬ ಹುಡುಗಿ
ಜೌಗಿಗೆ ಕೊಳವೆ ಇಳಿಸಿ ಜೇಡಿ ತೆಗೆದಳು.
ಕೊಯ್ದು ತೋರಿಸಿದರೆ ಒಳಗೆ ಗೀಟು ಗೀಟು,
ಹಳೆಯ ಅಂಗಡಿಯ ಕಡತ ಬಿಚ್ಚಿದ ಹಾಗೆ.
ದಪ್ಪ ಪದರವೆಂದರೆ ಹಿಮ ಜೋರಾಗಿ ಕರಗಿದ ಬೇಸಿಗೆ.
ದಾರದಂಥ ಒಂದು ಪದರಕ್ಕೆ ಉಗುರಿಟ್ಟು
‘ಈ ವರ್ಷ ಬೇಸಿಗೆ ಬರಲೇ ಇಲ್ಲ’ ಎಂದಳು.
‘ಮಾರನೇ ವರ್ಷ ಬಂತಾ?’
ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.
ಅವಳು ನಗಲಿಲ್ಲ. ಬಗ್ಗಿ ನೋಡಿ,
‘ಹ್ಞೂಂ, ಸ್ವಲ್ಪ’ ಎಂದಳು.

ತೂವ ಹುಟ್ಟಿ ಮೂರು ವಾರ.
ಮಗನಿಗೆ ಉಳಿ ಹಿಡಿದು ಗೊತ್ತಿಲ್ಲ, ನಾನೇ ಹೋದೆ.
ಅವಳಣ್ಣ ವಿಡಾರನ ಗೆರೆಗೆ ಎಂಟು ವರ್ಷ,
ನೀರು ಅದಕ್ಕಿಂತ ನಾಲ್ಕು ಬೆರಳು ಕೆಳಗಿರಬೇಕು.
ಬೆರಳಿಟ್ಟು ನೋಡಿದೆ. ಎರಡೇ.
ಕೈ ಒರೆಸಿಕೊಂಡು ಮತ್ತೆ ಇಟ್ಟೆ.
ಫೋನಿನಲ್ಲಿ ಮೈಲಿಸ್ ಅಂದಳು,
ಒಂದು ದಿನದ ನೀರನ್ನು ನಂಬಬೇಡಿ,
ಎಲ್ಲೋ ಬೀಸಿದ ಗಾಳಿ ಇಲ್ಲಿ ಕಡಲನ್ನು ಎತ್ತೀತು.
ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ,
ಗ್ರೀನ್‌ಲ್ಯಾಂಡಿನಲ್ಲೂ ಒಂದು ಮೂಟೆ ಇಳಿಯುತ್ತಿದೆ,
ಅದೂ ಅವಸರದಲ್ಲಿ, ಎಂದಳು.

ಅಲ್ಲಿಯ ನೆಲವೂ ಏಳುತ್ತಿರಬೇಕು.
ಅಲ್ಲಿ ಯಾರ ದೋಣಿ ಒಣನೆಲಕ್ಕೆ ಬಿದ್ದಿದೆಯೋ.
ಅಲ್ಲಿ ಕರಗಿದ್ದು ಇಲ್ಲಿಗೆ ಬಂದು
ನಮ್ಮ ಲೆಕ್ಕದಿಂದ ಎರಡು ಬೆರಳು ಕದಿಯುತ್ತದೆ.

ಆದರೂ ಕಡಲು ತಾಗಿದಲ್ಲೇ ಹೊಡೆದೆ,
ಒಂದು ಕೂದಲೂ ಆಚೀಚೆ ಮಾಡಲಿಲ್ಲ.
ಚೂರು ಹಾರಿ ತುಟಿಗೆ ಬಡಿಯಿತು, ಉಪ್ಪೇ ಇಲ್ಲ,
ನಮ್ಮ ಕಡಲು ಸಪ್ಪೆ.
ಎದ್ದು ನಿಲ್ಲಲು ಬಂಡೆ ಹಿಡಿಯಬೇಕಾಯಿತು,
ಸೊಂಟ ಬಿಡಿಸಿಕೊಳ್ಳಲು ಅದರ ಹೊತ್ತು ಅದು ತೆಗೆದುಕೊಂಡಿತು.
ಅಕ್ಷರ ಕೆತ್ತಲು ಮತ್ತೆ ಬಗ್ಗಿದೆ.
ತೂವಳ ಅಕ್ಷರ ನಮ್ಮ ಲಿಪಿಯಲ್ಲಿ ಸುಲಭ:
ನಿಂತ ಗೀಟೊಂದು,
ಅದರ ತಲೆಯ ಮೇಲೆ ಮಲಗಿದ ಗೀಟೊಂದು,
ಯಾರೋ ಹೊರೆ ಹೊತ್ತು ನಿಂತ ಹಾಗೆ.