ಮುಳುಗುವ ಗೋಡೆಗೆ ಸುಣ್ಣ

ಸರ್ವೆಯವರು ಬಂದು ನಮ್ಮ ಗೋಡೆಯ ಮೇಲೆ
ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ಹೋದರು:
ಇಲ್ಲಿತನಕ ನೀರು.
ನನ್ನ ಎದೆಮಟ್ಟ ಇತ್ತು ಆಗ ಆ ಗೆರೆ.
ನಾನು ಬೆಳೆದೆ, ಅದು ಸೊಂಟಕ್ಕೆ ಇಳಿಯಿತು.
ನೀರು ಮಾತ್ರ ಬರಲಿಲ್ಲ.

ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ
ಎಲ್ಲ ಮಾತೂ ಒಂದೇ ಕಡೆ ಮುಗಿಯುತ್ತಿತ್ತು.
ಮಾಳಿಗೆ ಸೋರಿದರೆ, ಹ್ಯಾಂಗಿದ್ರೂ ಮುಳುಗೂದೈತಿ.
ಕದಕ್ಕೆ ಗೆದ್ದಲು ಹತ್ತಿದರೆ, ಹ್ಯಾಂಗಿದ್ರೂ ಮುಳುಗೂದೈತಿ.
ಅಣ್ಣತಮ್ಮಂದಿರ ಜಗಳ ಹರಿಯದಿದ್ದರೂ ಅದೇ.

ಸಲೋಮವ್ವ, ನಮ್ಮಪ್ಪನ ತಾಯಿ, ನನಗೆ ಆಯಿ,
ಡಿಸೆಂಬರಿನ ಮೊದಲ ವಾರ
ಸುಣ್ಣದ ಹರಳು ಗಡಿಗೆಯಲ್ಲಿ ಅರಳಿಸಿ
ಚಿಟಿಕೆ ನೀಲಿ ಬೆರೆಸಿ
ಕುಂಚ ಹಿಡಿದು ನಿಲ್ಲುತ್ತಿದ್ದಳು.
ಗೆರೆಯ ಮೇಲೂ ಬಳಿದಳು, ಕೆಳಗೂ ಬಳಿದಳು.
ಒಣಗಿದ ಮೇಲೆ ಅದು ಗುಲಾಬಿಯಾಗಿ
ಮತ್ತೆ ಎದ್ದು ಬರುತ್ತಿತ್ತು, ಹಟದ ಕೂಸು.
ನೋಟಿಸು ತಂದ ಕಾರಕೂನ ನಕ್ಕ:
"ಯಮ್ಮಾ, ಮುಳುಗೋ ಮನಿಗ್ಯಾಕ ಸುಣ್ಣ?"
"ಮುಳುಗೂದಾದ್ರೂ ಹಸನಾಗಿ ಮುಳುಗಲಿ, ತಮ್ಮಾ.
ನಾ ಕಾಯೂದು ನಿಮ್ಮ ನೀರಿಗಲ್ಲ."

ಅವಳು ಕಾಯುತ್ತಿದ್ದವನಿಗೆ ಗೆರೆ ಇರಲಿಲ್ಲ,
ತಾರೀಖು ಇರಲಿಲ್ಲ, ಗೆಜೆಟ್ಟೂ ಇರಲಿಲ್ಲ.
ಒಮ್ಮೆ ಹುಬ್ಬಳ್ಳಿ ಕಡೆಯ ಬೋಧಕರೊಬ್ಬರು
ನಕ್ಷೆ ಹರಡಿ, ವರ್ಷ ಕೂಡಿಸಿ ಕಳೆದು
ಇಂಥ ಮಳೆಗಾಲದೊಳಗೆ ಬರುತ್ತಾನೆ ಎಂದರು.
ಆಯಿ ಅವರಿಗೆ ಚಹಾ ಕೊಟ್ಟಳು.
ಲೆಕ್ಕ ಕೇಳಲಿಲ್ಲ.

ಅವಳ ಲೆಕ್ಕ ಬೇರೆ.
ಶನಿವಾರ ಸಂಜೆ ಸೆರಗಿನ ಗಂಟು ಬಿಚ್ಚಿ
ಎಣ್ಣೆಯವನಿಗಿಷ್ಟು, ಬಳೆಗಾರ್ತಿಗಿಷ್ಟು;
ಬಾಕಿ ಇಟ್ಟುಕೊಂಡು ಮಲಗಬಾರದು.
ರೊಟ್ಟಿ ಬುಟ್ಟಿಯಲ್ಲಿ ಎಣಿಕೆಗಿಂತ ಒಂದು ಹೆಚ್ಚು.
ಕಂದೀಲಿನ ಗಾಜಿಗೆ ಬೂದಿ ಹಚ್ಚಿ ಒರೆಸುವ ಕೆಲಸ ನನ್ನದು,
ಕರೆಂಟು ಬಂದು ಎಷ್ಟೋ ವರ್ಷವಾದ ಮೇಲೂ.
ನಲ್ಲಿಯ ಸಾಲಿನಲ್ಲಿ ಕೊಡ ತಾಗಿ
ನೆರೆಮನೆಯ ಹುಸೇನಬಿಯೊಡನೆ ಮಾತು ಬಿಟ್ಟದ್ದು
ಮೂರೇ ದಿನ. ನಾಲ್ಕನೆಯ ದಿನ ತಾನೇ ಹೋಗಿ
"ಅಂವ ಇವತ್ತ ಬಂದ್ರ
ನಿನ್ನ ವಿಷಯ ಏನಂತ ಹೇಳ್ಲಿ?" ಎಂದಳಂತೆ.
ಹುಸೇನಬಿ ಅದನ್ನು ಎಲ್ಲರಿಗೂ ಹೇಳಿ ನಗುತ್ತಿದ್ದಳು,
ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು.

ನೀರು ಬಂತು.
ಅಬ್ಬರಿಸಿ ಅಲ್ಲ; ಬಚ್ಚಲ ಕಿಂಡಿಯಿಂದ, ಬೆಕ್ಕಿನ ಹಾಗೆ.
ಮೂವತ್ತು ವರ್ಷದಿಂದ ಗೊತ್ತಿದ್ದವರೂ
ಬೆಳಗಿನ ಜಾವ ಹಾಸಿಗೆ ಹೊತ್ತು ಓಡಿದರು.
ಆಯಿ ಕದ ಎಳೆದು, ಚಿಲಕ ಹಾಕಿ,
ಗೋಡೆಗೊಮ್ಮೆ ಅಂಗೈ ಒತ್ತಿ, ಬಂದಳು.
ನವನಗರ ಮುಟ್ಟುವವರೆಗೂ
ಅಂಗೈ ಬೆಳ್ಳಗೇ ಇತ್ತು.

ಮುತ್ಯಾನ ಗೋರಿ ಹಿನ್ನೀರಿನ ಅಡಿಗೆ ಉಳಿಯಿತು.
ತರಲಿಕ್ಕಾಗಲಿಲ್ಲವಲ್ಲ ಎಂದು ಅಪ್ಪ ಅತ್ತಾಗ
"ಇಟಗೊಂಡಿರ್ಲಿ ಬಿಡು ಹೊಳಿ.
ಕೇಳಿದ ದಿನ ತಿರುಗಿ ಕೊಡಬೇಕಾಗ್ತೈತಿ" ಎಂದಳು,
ನೆರೆಯವರು ಒಯ್ದ ಸೇರು ಪಾವಿನ ಬಗ್ಗೆ
ಹೇಳುವಷ್ಟೇ ಸಲೀಸಾಗಿ.

ಹೋದ ಫೆಬ್ರುವರಿಯ ಒಂದು ಗುರುವಾರ ಆಯಿ ತೀರಿಕೊಂಡಳು.
ಶನಿವಾರಕ್ಕೆ ಇನ್ನೂ ಎರಡು ದಿನ ಇತ್ತು.
ಸೆರಗಿನ ಗಂಟಿನಲ್ಲಿ ಏಳು ರೂಪಾಯಿ.
ಕ್ಯಾಲೆಂಡರಿನ ಹಿಂದೆ ಸೊಟ್ಟ ಅಕ್ಷರ:
ಬಾಳವ್ವ, ಮಜ್ಜಿಗಿ, ಏಳು.

ನಾನು ಅವಳಂಥವನಲ್ಲ.
ನಮ್ಮ ಮನೆಗೆ ಡಿಸ್ಟೆಂಪರ್ ಬಳಿದಿದೆ, ಹತ್ತು ವರ್ಷ ಗ್ಯಾರಂಟಿ.
ಕಂದೀಲು ಅಟ್ಟದ ಮೇಲೆ ಎಲ್ಲೋ.
ಪರಿಹಾರದ ಹಣದಲ್ಲಿ ತಮ್ಮನೊಂದಿಗೆ ಮಾತು ಬಿಟ್ಟು
ಇದು ನಾಲ್ಕನೆಯ ದಿನವಲ್ಲ, ನಾಲ್ಕನೆಯ ವರ್ಷ.
ಪ್ರಾರ್ಥನೆಯಲ್ಲಿ ಬಾ ಎನ್ನುತ್ತೇನೆ,
ಒಳಗೊಳಗೆ, ಇವತ್ತು ಬೇಡ.

ಏಪ್ರಿಲ್. ಹಿನ್ನೀರು ಸರಿದಿದೆ.
ಓಣಿಯ ಬುನಾದಿಗಳು ಬೆನ್ನು ತೋರಿಸಿ ಮಲಗಿವೆ.
ನಮ್ಮದು ಯಾವುದು ಎಂದು ಹುಡುಕುತ್ತೇನೆ;
ಒಂದು ಕಲ್ಲಿನ ಸಂದಿಯಲ್ಲಿ
ಉಗುರಿನಷ್ಟು ಬಿಳಿ.
ಇವತ್ತು ಶನಿವಾರ.
ಏಳು ರೂಪಾಯಿ ಜೇಬಿನಲ್ಲಿದೆ.
ಬಾಳವ್ವ ಈಗ ಮಗಳ ಮನೆಯಲ್ಲಿದ್ದಾಳಂತೆ,
ನೀರಿನ ಟಾಕಿಯ ಹಿಂದೆ, ಹೊತ್ತು ಮುಳುಗುವುದರೊಳಗೆ ಹೋಗಬೇಕು.

ಅದಕ್ಕೂ ಮೊದಲು
ಕಲ್ಲಿನ ಮೇಲೆ ಕೂತು
ತಮ್ಮನ ನಂಬರು ಒತ್ತಿದ್ದೇನೆ.
ರಿಂಗಾಗುತ್ತಿದೆ.