ಮಸಿಯ ಚೌಕ

ಈ ಗುಡಿಗೆ ಮೆಟ್ಟಿಲು ಹತ್ತುವುದಲ್ಲ, ಇಳಿಯುವುದು.

ಎಸ್ನಾ ಪೇಟೆಯ ನಡುವೆ,
ಶಾಲು, ಪ್ಲಾಸ್ಟಿಕ್ ಚಪ್ಪಲಿ, ಒಣದಾಸವಾಳದ ಮೂಟೆ
ಮಾರುವವರ ಕೂಗಿನ ಬುಡದಲ್ಲಿ
ಒಂದು ಗುಂಡಿ.
ಗುಂಡಿಯೊಳಗೆ ಇಪ್ಪತ್ತನಾಲ್ಕು ಕಂಬ.
ಊರು ತನ್ನ ಕಸದ ಮೇಲೆ ತಾನೇ ನಿಂತು ನಿಂತು
ಎತ್ತರವಾಯಿತು.
ದೇವರು ಇದ್ದಲ್ಲೇ ಇದ್ದ.

ಬಸ್ತಾವಿ ಟಿಕೆಟ್ಟು ಹರಿದು
ಅರ್ಧ ವಾಪಸು ಕೊಡುತ್ತ ಕೇಳಿದ: ಒಬ್ಬರೇನಾ?
ಒಬ್ಬಳೇ ಅಂದೆ.
ಬೆಕ್ಕೊಂದು ಜೊತೆಗೆ ಇಳಿಯಿತು. ಅದಕ್ಕೆ ಟಿಕೆಟ್ಟಿಲ್ಲ.

ಒಳಗೆ ತಂಪು. ಪಾರಿವಾಳದ ವಾಸನೆ, ಸ್ಪಿರಿಟ್ಟಿನ ವಾಸನೆ.
ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ
ಇನ್‌ಶಿರಾಹ್ ಛಾವಣಿ ಒರೆಸುತ್ತಿದ್ದಳು
ಕಡ್ಡಿಗೆ ಹತ್ತಿ ಸುತ್ತಿ,
ಮಗುವಿನ ಕಿವಿ ಒರೆಸುವ ಹಾಗೆ.
ಅಂಗೈಯಗಲಕ್ಕೆ ಒಂದು ಬೆಳಗು.
ಕಪ್ಪಿನೊಳಗಿಂದ ರಣಹದ್ದಿನ ರೆಕ್ಕೆ ಹೊರಟಿತ್ತು:
ನೀಲಿ, ಆಮೇಲೆ ಕೆಂಪು, ಆಮೇಲೆ
ಹೆಸರು ತೋಚದ ಒಂದು ಹಳದಿ,
ಬಳಿಯುತ್ತಿದ್ದವನು ಕುಂಚ ತೊಳೆಯಲು
ಈಗಷ್ಟೇ ನದಿಗೆ ಹೋದ ಹಾಗೆ.

"ಯಾರ ಹೊಗೆ ಇದು?"
"ನಮ್ಮದೇ," ಅಂದಳು ಮೇಲಿಂದಲೇ.
"ಹೂಳು ಛಾವಣಿಯ ತನಕ ತುಂಬಿತ್ತಲ್ಲ,
ಅದರ ಮೇಲೆ ಕೂತು ಒಲೆ ಹಚ್ಚಿದವರದು.
ಸಗಣಿ, ಕಬ್ಬಿನ ಸಿಪ್ಪೆ, ಖರ್ಜೂರದ ಗರಿ—
ಪ್ರಯೋಗಾಲಯದವರು ಇಷ್ಟೇ ಹೇಳಿದರು.
ನಮ್ಮಜ್ಜಿ ಆಗಿದ್ದರೆ ಮೂಸಿ ನೋಡಿ
ಯಾವ ಮನೆಯ ರೊಟ್ಟಿ ಅಂತಲೂ ಹೇಳುತ್ತಿದ್ದಳು."

ಮಧ್ಯಾಹ್ನ ಇಳಿದು ಬಂದು ಗಂಟು ಬಿಚ್ಚಿದಳು.
ಬಿಸಿಲಿಗಿಟ್ಟು ಹುದುಗಿಸಿದ ದಪ್ಪ ರೊಟ್ಟಿ,
ಉಪ್ಪು ಹಾಕಿದ ಚೀಸು, ಈರುಳ್ಳಿ.
ಅವಳ ಉಗುರುಸಂದಿಯಲ್ಲಿ ಯಾರ್ಯಾರದೋ ಅಡುಗೆಮನೆ.
ಅರ್ಧ ಮುರಿದು ನನಗೆ ಕೊಟ್ಟಳು. ಚೂರು ಬೆಕ್ಕಿಗೆ.

ನಾವು ಒರಗಿದ ಕಂಬದಲ್ಲಿ ಟಗರುದಲೆಯ ದೇವರು
ತಿಗರಿಯ ಮೇಲೆ ಮನುಷ್ಯರನ್ನು ಮಾಡುತ್ತಿದ್ದ.
ಯಾರೋ ಮೂಗು ಕೆತ್ತಿ ಹಾಕಿದ್ದರು,
ಕೈ ಮಾತ್ರ ಬಿಟ್ಟಿದ್ದರು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಮ್ಮಲ್ಲಿ—
ಹೇಳಲು ಹೋದೆ. ನಮ್ಮಿಬ್ಬರ ಮುರುಕು ಇಂಗ್ಲಿಷಿನಲ್ಲಿ
ಕುಂಬಾರ ಸಿಕ್ಕಿದ, ದೊಣ್ಣೆ ಸಿಗಲಿಲ್ಲ.
ಗಾಳಿಯಲ್ಲೇ ಗಡಿಗೆ ಮಾಡಿ, ಗಾಳಿಯಲ್ಲೇ ಒಡೆದು ತೋರಿಸಿದೆ.
ನಕ್ಕಳು. ಅರ್ಥವಾಗಿಯೋ, ಆಗದೆಯೋ.

ಇನ್ನೊಂದನ್ನು ಹೇಳಲೇ ಇಲ್ಲ:
ನನ್ನ ಭಾಷೆಯಲ್ಲಿ
ಒಲೆಗೋಡೆಯ ಕಪ್ಪಿಗೂ ದೌತಿಯೊಳಗಿನ ಕಪ್ಪಿಗೂ
ಒಂದೇ ಹೆಸರು, ಮಸಿ.
ಹಾಗಾದರೆ ಅವಳು ಒರೆಸುತ್ತಿದ್ದದ್ದು?
ದೊರೆಗಳ ಹೆಸರು ಸುತ್ತಿದ ಉಂಗುರಗಳ ಮೇಲೆ
ಹಸಿದವರು ದಿನಕ್ಕೆರಡು ಹೊತ್ತು ಬರೆದದ್ದು,
ಸಹಿ ಇಲ್ಲದ್ದು.
ಹತ್ತಿಯ ಉಂಡೆಗಳು ಬಕೆಟ್ಟಿನಲ್ಲಿ ಕಪ್ಪಗೆ ತುಂಬುತ್ತಿದ್ದವು.
ಸಂಜೆ ಎಲ್ಲಿ ಚೆಲ್ಲುತ್ತಾರೆ ಅಂತ
ಕೇಳುವ ಧೈರ್ಯ ಬರಲಿಲ್ಲ.

ಹೊರಟಾಗ ಅವಳೇ ಟಾರ್ಚು ಹಿಡಿದಳು
ಮೂಲೆಯ ಕಡೆ.
ಬಣ್ಣವೆಲ್ಲ ಮರಳಿ ಬಂದ ಜಾಗದಲ್ಲಿ, ಹದ್ದಿನ ಎದೆಯ ಪಕ್ಕ,
ಬೆಂಕಿಪೊಟ್ಟಣದಷ್ಟು ಕಪ್ಪು ಚೌಕ.
ಮರೆತದ್ದಲ್ಲ, ಬಿಟ್ಟದ್ದು.
ಮೊದಲು ಹೇಗಿತ್ತೆಂಬುದಕ್ಕೆ ಸಾಕ್ಷಿ ಇರಬೇಕಂತೆ.
"ಒಂದು ಬೆರಳಗಲ ಸಾಕು ಅಂದಿದ್ದರು,"
ಬಸ್ತಾವಿಗೆ ಕೇಳಿಸದ ಹಾಗೆ ಅಂದಳು,
"ನಾನು ಮೂರು ಬಿಟ್ಟೆ."

ಮೆಟ್ಟಿಲು ಎಣಿಸುತ್ತ ಹತ್ತಿದೆ. ನಡುವೆ ಲೆಕ್ಕ ತಪ್ಪಿತು.
ಮೇಲೆ ಯಾರದೋ ಮನೆಯಲ್ಲಿ ಬೆಳ್ಳುಳ್ಳಿ ಸೀಯುತ್ತಿತ್ತು,
ಹೆಂಗಸೊಬ್ಬಳು ಯಾರನ್ನೋ ಬೈಯುತ್ತ ಕಿಟಕಿ ತೆರೆದಳು.
ಹೊಗೆ ಹೊರಗೆ ಬಂದು, ಒಂದು ಗಳಿಗೆ ನಿಂತು,
ಗುಂಡಿಯ ಕಡೆಗೆ ಇಳಿಯಿತು.