ಟ್ಯಾನರಿ ರಸ್ತೆಯಲ್ಲಿ ಖಂಡಗಳು ಸರಿದದ್ದು

ಒಂದು ಪುಟಕ್ಕೆ ಎರಡು ರೂಪಾಯಿ,
ಎರಡೂ ಬದಿಗಾದರೆ ಮೂರು.
ಲಾಜರಸ್ ಯಾವತ್ತೂ ಒಂದೇ ಬದಿ.
'ಇನ್ನೊಂದು ಖಾಲಿ ಇರಲಿ ತಾಯಿ,
ಭೂಮಿಗೂ ಬೆನ್ನು ಅಂತ ಒಂದಿದೆಯಲ್ಲ.'

ಮೂವತ್ತೊಂದು ವರ್ಷ ಪವರ್ ಪ್ರೆಸ್ಸಿನ ಮುಂದೆ ನಿಂತ ಜೀವ.
ತಗಡು ಇಡುವುದು, ಪೆಡಲ್ ತುಳಿಯುವುದು, ಧಡ್.
ತಗಡು ಇಡುವುದು, ಪೆಡಲ್ ತುಳಿಯುವುದು, ಧಡ್.
ಒಂದು ಮಧ್ಯಾಹ್ನ ತಗಡಿನ ಜೊತೆ ಎಡಗೈಯ ಎರಡು ಬೆರಳು.
ಅದರ ಬಗ್ಗೆ ಆತನ ಪುಟಗಳಲ್ಲಿ ಏನೂ ಇಲ್ಲ.

ಇರುವುದು ಇದು:
ಲೆಕ್ಕಕ್ಕೆ ಸಿಗದ ಕಾಲದಲ್ಲಿ
ನಮ್ಮ ಈ ಬೆಂಗಳೂರಿನ ಕಲ್ಲು
ದಕ್ಷಿಣ ಧ್ರುವದ ನೆರೆಮನೆಯಲ್ಲಿತ್ತು.
ಎಲ್ಲ ನೆಲ ಒಂದೇ ನೆಲ, ಹಾಸಿದ ಒಂದೇ ತಗಡು.
ಆಮೇಲೆ ಆಕಾಶದಿಂದ ಒಂದು ಪೆಟ್ಟು.
'ನಿಧಾನಕ್ಕೆ ತೇಲಿ ಬಂತು ಅಂತಾರೆ ಓದಿದವರು.
ನಿಧಾನಕ್ಕೆ ಹರಿದ ಅಂಚು ಹೀಗಿರಲ್ಲ, ನೋಡಿ,'
ಅಂತ ಆಫ್ರಿಕಾದ ಪಡುವಣ ಕರೆಯ ಮೇಲೆ
ಉಳಿದ ಬೆರಳಲ್ಲಿ ಹಗುರಾಗಿ ಸವರುತ್ತಾನೆ,
ಎಲ್ಲಿ ಚುಚ್ಚೀತೋ ಎಂಬಂತೆ.

ನನಗೆ ಗೊತ್ತಿರುವುದು ಟೋನರು, ಕಾಗದ, ಜೆರಾಕ್ಸ್ ಯಂತ್ರದ ಜ್ವರ.
ಹತ್ತನೇ ಕ್ಲಾಸಿನ ಭೂಗೋಳದಲ್ಲಿ ಮೂವತ್ತೆಂಟು.
ಆದರೂ ಯಂತ್ರ ಉಗುಳಿದ ಬಿಸಿ ಪುಟ ಕೈಗೆ ಬಂದಾಗ
ಓದದೆ ಇರಲಾಗುವುದಿಲ್ಲ.
ಕೆಂಪು ಶಾಯಿ ಕಪ್ಪಾಗಿ ಬರುತ್ತದೆ,
ಪೆನ್ಸಿಲ್ ಬಾಣಗಳು ಅರ್ಧಕ್ಕೇ ಮಾಯ.
ಅಷ್ಟು ದೊಡ್ಡ ಕಲ್ಲು ಬಿದ್ದರೆ ಶಬ್ದ ಎಲ್ಲಿ ಹೋಯಿತು, ಕೇಳಿದೆ.
'ಕೇಳೋ ಕಿವಿ ಇನ್ನೂ ಹುಟ್ಟಿರಲಿಲ್ಲ. ಕಲ್ಲೊಳಗೇ ಉಳೀತು.'
ಭಾನುವಾರ ಲಾಲ್‌ಬಾಗಿನ ಬಂಡೆಗೆ ಕಿವಿಯಿಟ್ಟು ಮಲಗಿದ್ದಕ್ಕೆ
ಕಾವಲಿನವನು ಎಬ್ಬಿಸಿ
ಮನೆಗೆ ದಾರಿ ಗೊತ್ತಾ ಅಂತ ಕೇಳಿದನಂತೆ.

ಕಚೇರಿಗಳಿಂದ ಉತ್ತರ ಬರುತ್ತದೆ, ಇಲ್ಲವೆಂದಲ್ಲ.
ತಮ್ಮ ಆಸಕ್ತಿಗೆ ಧನ್ಯವಾದ.
ಒಬ್ಬ ಪುಣ್ಯಾತ್ಮ ಮಾತ್ರ ಎರಡು ಸಾಲು ಹೆಚ್ಚು ಬರೆದಿದ್ದ:
ಪೆಟ್ಟುಗಳು ಬಿದ್ದದ್ದು ನಿಜ, ಮಹಾಶಯರೇ.
ನೆಲವನ್ನು ತಳ್ಳಿದ್ದು ಅವೇ ಎನ್ನಲು ಪುರಾವೆ ಇಲ್ಲ.
ಅದಕ್ಕೆ ಲ್ಯಾಮಿನೇಷನ್. ಇಪ್ಪತ್ತು ರೂಪಾಯಿ.
'ನಿಜ' ಎಂಬ ಪದ ನನ್ನ ಕಡೆ ಬರುವಂತೆ ತಿರುಗಿಸಿ ಹಿಡಿದ.

ಆವತ್ತು ಮಂಗಳವಾರ. ಕೆಳಗೆ ಮೆಟ್ರೋ ಸುರಂಗ ಕೊರೆಯುತ್ತಿದ್ದರು.
ಬೆಳಗಿನಿಂದ ಹಲ್ಲುನೋವಿನಂಥ ಅದುರು.
ಡಬ್ಬಿಯೊಳಗೆ ಸ್ಟೇಪ್ಲರ್ ಪಿನ್ನುಗಳ ಪಿಸುಮಾತು.
ಪಾಟರಿ ಟೌನಿನಲ್ಲಿ ಒಣಗಲಿಟ್ಟ ಹಣತೆಗಳನ್ನು
ಒಳಗೆ ಸಾಗಿಸಿದರಂತೆ.
ಲಾಜರಸ್ ಹೊಸ ನಕ್ಷೆ ತಂದಿದ್ದ, ದೊಡ್ಡದು,
ಹೋದ ವರ್ಷದ ಚರ್ಚ್ ಕ್ಯಾಲೆಂಡರಿನ ಬೆನ್ನ ಮೇಲೆ.
ಗಾಜಿನ ಮೇಲೆ ಕವುಚಿ ಮುಚ್ಚಳ ಒತ್ತಿದೆ.
ಬೆಳಕು ಆ ತುದಿಯಿಂದ ಹೊರಟು
ಹಿಂದೂ ಮಹಾಸಾಗರದ ನಡುವಿದ್ದಾಗ

ಕೊರೆಯುವ ಚಕ್ರಕ್ಕೆ ಗಟ್ಟಿ ಬಂಡೆ ಸಿಕ್ಕಿರಬೇಕು.
ಅಂಗಡಿಯೇ ಒಂದು ಸಲ ಬಿಕ್ಕಿತು.

ಹೊರಬಂದ ಹಾಳೆಯಲ್ಲಿ ಆಫ್ರಿಕಾ ಎರಡಾಗಿತ್ತು.
ಮಡಗಾಸ್ಕರ್‌ಗೆ ಬಾಲ.
ನಮ್ಮ ನೆಲ ಒಂದು ಬೆರಳಿನಷ್ಟು ಬಡಗಣಕ್ಕೆ ಜಾರಿ
ಹಿಂದೆ ಬೂದು ನೆರಳು ಎಳೆದುಕೊಂಡಿತ್ತು.

ಹಾಳಾಯ್ತು, ಇನ್ನೊಂದು ತೆಗೀತೀನಿ, ಇದಕ್ಕೆ ದುಡ್ಡು ಬೇಡ ಅಂದೆ.
ಆತ ಮಾತಾಡಲಿಲ್ಲ.
ಅಂಚನ್ನು ಮೂರು ಬೆರಳಲ್ಲಿ ಹಿಡಿದು
ಬಾಗಿಲ ಬೆಳಕಿಗೆ ಒಯ್ದು ನಿಂತ.
ರಸ್ತೆ ತನ್ನ ಪಾಡಿಗೆ ಹಾರ್ನು ಹೊಡೆಯುತ್ತಿತ್ತು.
ಒಬ್ಬ ಹುಡುಗ ಆಧಾರ್ ಕಾರ್ಡ್ ಚಾಚಿಕೊಂಡು ಕಾಯುತ್ತಿದ್ದ.

'ಹೀಗೇ ತಾಯಿ. ಎಷ್ಟು ಹೊತ್ತು ಹಿಡೀತು? ಅರೆಕ್ಷಣ.
ತಗಡು ಇಡುವಾಗ ಇತ್ತು.
ನೋಡುವಾಗ ಇರಲಿಲ್ಲ.'

ಬೇಡವೆಂದರೂ ಎಂಟು ರೂಪಾಯಿ ಎಣಿಸಿ
ಗಾಜಿನ ಮೇಲಿಟ್ಟು ಹೋದ.
ಕೆಳಗೆ ಮತ್ತೆ ಕೊರೆತ ಶುರುವಾಯಿತು.
ನಾಣ್ಯಗಳು ತಾವಾಗಿಯೇ, ಬಲು ನಿಧಾನಕ್ಕೆ,
ಒಂದನ್ನೊಂದು ಬಿಟ್ಟು
ನನ್ನ ಕಡೆ ಸರಿಯತೊಡಗಿದವು.